ಡಾಕ್ಟರ್ ಆರಿಸೋಕೆ ಸ್ಟಾರ್ ರೇಟಿಂಗ್ ಎಷ್ಟು ನಂಬಬಹುದು?

ಪ್ರಶ್ನೆ: ಅಮ್ಮಂಗೆ ಮಂಡಿ ಆಪರೇಷನ್ ಮಾಡಿಸ್ಬೇಕು, ರಾತ್ರಿಯೆಲ್ಲಾ ರಿವ್ಯೂ ಓದ್ತಾ ಕೂತಿದ್ದೆ, ಒಬ್ಬರಿಗೆ 4.9 ಇದೆ ಆದ್ರೆ ಬರೆದಿರೋರು ಬರೀ 12 ಜನ, ಇನ್ನೊಬ್ಬರಿಗೆ 4.2, 600 ಜನ ಬರೆದಿದಾರೆ. ಯಾರ ಹತ್ರ ಹೋಗೋದು?

ಉತ್ತರ 1: ಆ 12ರ ಜೊತೆ ಇನ್ನೊಬ್ರು 1 ಸ್ಟಾರ್ ಕೊಟ್ರೆ ಸಾಕು, 4.6ಕ್ಕೆ ಇಳಿಯತ್ತೆ. ನಂಬರ್ ಬಿಟ್ಟು ಬರೆದಿರೋದನ್ನ ಓದಿ, ನಾನಂತೂ 3 ಸ್ಟಾರಿನವನ್ನೇ ಮೊದ್ಲು ನೋಡೋದು.

ಉತ್ತರ 2: ತುಂಬಾ ಕಾಯಿಸಿದ್ರು, ಸಮಾಧಾನವಾಗಿ ಮಾತಾಡಿದ್ರು, ಇದೆಲ್ಲ ರೋಗಿಗೆ ಗೊತ್ತಾಗತ್ತೆ, ಆದ್ರೆ ಆಪರೇಷನ್ ಹೇಗೆ ಮಾಡಿದ್ರು ಅನ್ನೋದು ಅರಿವಳಿಕೆಯಲ್ಲಿ ಮಲಗಿದ್ದೋರಿಗೆ ಹೇಗೆ ಕಾಣತ್ತೆ? ವರ್ಷಕ್ಕೆ ಎಷ್ಟು ಮಂಡಿ ಮಾಡ್ತೀರ, ಎಷ್ಟು ಜನಕ್ಕೆ ಇನ್‌ಫೆಕ್ಷನ್ ಆಯ್ತು ಅಂತ ನೇರವಾಗಿ ಕೇಳಿ.

ಪ್ರಶ್ನೆ ಕೇಳಿದವರು: ಕೇಳ್ತೀನಿ, ಇದು ಹೊಳೆದೇ ಇರಲಿಲ್ಲ. ಥ್ಯಾಂಕ್ಸ್.