ಅರ್ಧ ಗಂಟೆಯ ನಂತರ ಕಾರಿನ ಎಸಿ ಗಾಳಿ ಕುಗ್ಗುವುದೇಕೆ?

ಪ್ರಶ್ನೆ: ನನ್ನ ಕಾರಿನ ಎಸಿ ಮೊದಲ ಅರ್ಧ ಗಂಟೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆಮೇಲೆ ಬ್ಲೋವರ್ ಸದ್ದು ಹಾಗೆಯೇ ಇದ್ದರೂ ಡ್ಯಾಶ್‌ಬೋರ್ಡಿನ ಕಿಂಡಿಗಳಿಂದ ಬರುವ ಗಾಳಿ ಉಸಿರಿನಷ್ಟು ಸಣ್ಣದಾಗುತ್ತದೆ. ಸ್ವಲ್ಪ ಹೊತ್ತು ಆರಿಸಿಟ್ಟರೆ ಮತ್ತೆ ಸರಿಹೋಗುತ್ತದೆ. ಕ್ಯಾಬಿನ್ ಫಿಲ್ಟರ್ ಬದಲಿಸಿದ್ದಾಗಿದೆ. ದೋಷ ಎಲ್ಲಿರಬಹುದು?

ಉತ್ತರ 1: ಆರಿಸಿಟ್ಟರೆ ಸರಿಹೋಗುತ್ತದೆ ಎಂಬ ನಿಮ್ಮ ಮಾತಿನಲ್ಲೇ ಸುಳಿವಿದೆ. ಗಾಳಿಯನ್ನು ತಣಿಸುವ ಭಾಗವಾದ ಇವ್ಯಾಪರೇಟರ್‌ನ ಮೇಲ್ಮೈ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ, ಅದರ ಮೇಲೆ ಕೂತ ತೇವಾಂಶವು ಹೆಪ್ಪುಗಟ್ಟಿ ಅದರ ತೆಳು ಲೋಹದ ರೆಕ್ಕೆಗಳ ನಡುವಿನ ಸಂದುಗಳನ್ನು ಮುಚ್ಚಿಬಿಡುವುದರಿಂದ ಗಾಳಿಗೆ ದಾರಿಯಿರುವುದಿಲ್ಲ. ಅಷ್ಟು ತಣಿಯುವ ಮೊದಲೇ ಕಂಪ್ರೆಸರನ್ನು ನಿಲ್ಲಿಸಲು ನೆರವಾಗಬೇಕಾದ ಥರ್ಮಿಸ್ಟರ್ (ತಾಪಮಾನ ಅಳೆಯುವ ಪುಟ್ಟ ಸಾಧನ) ಕೆಟ್ಟಿರಬಹುದು, ಗ್ಯಾಸ್ ಕಡಿಮೆಯಾಗಿರಲೂಬಹುದು. ಗಾಳಿ ಕುಗ್ಗಿದೊಡನೆ ಎಸಿ ಗುಂಡಿಯನ್ನು ಮಾತ್ರ ಆರಿಸಿ, ಬ್ಲೋವರ್ ಓಡಲು ಬಿಡಿ. ಕೆಲವು ನಿಮಿಷಗಳಲ್ಲಿ ಗಾಳಿ ಮರಳಿ, ಕಾರಿನಡಿ ನೀರು ಧಾರಾಳವಾಗಿ ತೊಟ್ಟಿಕ್ಕಿದರೆ ಅದು ಕರಗಿದ ಮಂಜುಗಡ್ಡೆಯೇ.

ಉತ್ತರ 2: ನನ್ನ ಕಾರಿನಲ್ಲಿ ಥರ್ಮಿಸ್ಟರ್ ತನ್ನ ಜಾಗದಿಂದ ಕಳಚಿ ನೇತಾಡುತ್ತಿತ್ತು. ಅದು ತಿಳಿಯುವ ಮುನ್ನ ಎರಡು ಬಾರಿ ಗ್ಯಾಸ್ ತುಂಬಿಸಿದ್ದು ದಂಡವಾಯಿತು. ಆದ್ದರಿಂದ ಒತ್ತಡವನ್ನು ಅಳೆಯದೆ ತುಂಬಿಸಲು ಒಪ್ಪಬೇಡಿ.

ಪ್ರಶ್ನೆ ಕೇಳಿದವರು: ಹೇಳಿದಂತೆಯೇ ಮಾಡಿ ನೋಡಿದೆ, ಐದು ನಿಮಿಷದಲ್ಲಿ ಗಾಳಿ ಮರಳಿತು, ಕಾರಿನಡಿ ನೀರು ಮಡುಗಟ್ಟಿತ್ತು. ಥರ್ಮಿಸ್ಟರನ್ನೇ ಮೊದಲು ಪರೀಕ್ಷಿಸಲು ಹೇಳುತ್ತೇನೆ.