ಪಿಸಿವಿ 53: ರಕ್ತ ದಪ್ಪಗಾದರೆ ಲಕ್ವ ಹೊಡೆಯುತ್ತದೆಯೇ?

ಪ್ರಶ್ನೆ
ಗಂಡಸು, ವಯಸ್ಸು 52. ದಿನಕ್ಕೊಂದು ಪ್ಯಾಕ್ ಸಿಗರೇಟು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ನಡೀತಿದೆ. ಸಿಬಿಸಿಯಲ್ಲಿ (ರಕ್ತಕಣಗಳ ಎಣಿಕೆ ಪರೀಕ್ಷೆ) ಹಿಮೋಗ್ಲೋಬಿನ್ 17.8, ಪಿಸಿವಿ 53, ಕೆಂಪು ಕಣ 60 ಲಕ್ಷ. ಬಿಳಿ ಕಣ, ಪ್ಲೇಟ್‌ಲೆಟ್ ಸರಿಯಾಗಿವೆ. ಲಕ್ವ ತಪ್ಪಿಸಲು ದಿನಾ ಆಸ್ಪಿರಿನ್ ನುಂಗಿ, ಒಂದು ಯೂನಿಟ್ ರಕ್ತ ತೆಗೆಸಿದರೆ ಸಾಕು ಅನ್ನುತ್ತಾರೆ. ಹೌದೇ?

ಉತ್ತರ 1
ಎರಡಕ್ಕೂ ಮೊದಲು ಇನ್ನೊಮ್ಮೆ ಸಿಬಿಸಿ ಮಾಡಿಸಿ. ಪಿಸಿವಿ 53 ಅಂದರೆ 100 ಮಿಲಿ ರಕ್ತದಲ್ಲಿ 53 ಮಿಲಿ ಕಣಗಳೇ. ಕಣ ಹೆಚ್ಚಿದರೂ ಈ ಅಂಕಿ ಏರುತ್ತದೆ, ಪ್ಲಾಸ್ಮಾದ (ರಕ್ತದ ದ್ರವ ಭಾಗದ) ನೀರು ಇಳಿದರೂ ಏರುತ್ತದೆ. ಮೂತ್ರದ ಮಾತ್ರೆ, ವಾಂತಿ-ಭೇದಿ ಎರಡನೆಯದನ್ನು ಮಾಡುತ್ತವೆ. ತೋಳಿಗೆ ಪಟ್ಟಿ ಕಟ್ಟಿ ರಕ್ತನಾಳ ಹುಡುಕುತ್ತಾ ಎರಡು ಮೂರು ನಿಮಿಷ ಕಳೆದರೂ ಅಂಕಿ ಸ್ವಲ್ಪ ಮೇಲೆ ಹೋಗುತ್ತದೆ. ಹಿಂದಿನ ದಿನ ಎಂದಿನಂತೆ ನೀರು ಕುಡಿದು, ಲ್ಯಾಬಿಗೆ ಹೋದಮೇಲೆ ಹದಿನೈದು ನಿಮಿಷ ಕೂತು, ಆಮೇಲೆ ಕೊಡಿ. ಬಿಪಿ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ. ಲಕ್ವಕ್ಕೆ (ಸ್ಟ್ರೋಕಿಗೆ) ಬಿಪಿಯೇ ದೊಡ್ಡ ಕಾರಣ.

ಗಂಡಸರಲ್ಲಿ ಹಿಮೋಗ್ಲೋಬಿನ್ 16.5 ಅಥವಾ ಪಿಸಿವಿ 49 ದಾಟಿ ಅಲ್ಲೇ ನಿಂತರೆ ಕಾರಣ ಹುಡುಕಲೇಬೇಕು. ಕೆಂಪು ಕಣದ ಎಣಿಕೆಯೊಂದನ್ನೇ ನೋಡಿ ಹೆದರುವವರಿಗೆ ಒಂದು ಮಾತು: ಎಣಿಕೆ 62 ಲಕ್ಷ, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) 65, ಹಿಮೋಗ್ಲೋಬಿನ್ 13 ಇದ್ದರೆ ಅದು ದಪ್ಪ ರಕ್ತವಲ್ಲ, ಬಹುತೇಕ ಥಲಸ್ಸೀಮಿಯಾ ಟ್ರೇಟ್ (ಹುಟ್ಟಿನಿಂದಲೇ ಕಣಗಳು ಚಿಕ್ಕದಾಗಿರುವ ಆನುವಂಶಿಕ ಲಕ್ಷಣ).

ಉತ್ತರ 2
ನನಗೆ ಮೊದಲ ಅನುಮಾನ ಸಿಗರೇಟಿನ ಮೇಲೆ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್ನಿಗೆ ಅಂಟಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಕೊರತೆ ತುಂಬಲು ಮೂಳೆಮಜ್ಜೆ ಹೆಚ್ಚು ಕಣ ಮಾಡುತ್ತದೆ. ಬೆರಳಿನ ಆಕ್ಸಿಮೀಟರಿನಲ್ಲಿ 97 ಬಂತೆಂದು ನಿಶ್ಚಿಂತರಾಗಬೇಡಿ, ಆ ಯಂತ್ರಕ್ಕೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಿಗರೇಟು ಬಿಟ್ಟ ಒಂದೆರಡು ದಿನದಲ್ಲಿ ಆ ಅನಿಲ ಹೋಗುತ್ತದೆ. ಕೆಂಪು ಕಣದ ಆಯಸ್ಸು ಸುಮಾರು 120 ದಿನ, ಹಾಗಾಗಿ ಪಿಸಿವಿ ಇಳಿಯಲು ವಾರಗಳು, ತಿಂಗಳುಗಳು ಬೇಕು.

ಜೋರು ಗೊರಕೆ, ನಡುರಾತ್ರಿ ಉಸಿರು ಕಟ್ಟುವುದು, ಹಗಲು ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಆಮ್ಲಜನಕ ಇಳಿಯುವುದೂ ಕಾರಣವಿರಬಹುದು, ಸ್ಲೀಪ್ ಸ್ಟಡಿ (ನಿದ್ದೆಯ ಪರೀಕ್ಷೆ) ಮಾಡಿಸಿ. ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೂಡ ಕಾರಣವಾಗುತ್ತದೆ (ಜಿಮ್ಮಿನಲ್ಲಿ ಕೊಡುವುದೂ ಸೇರಿ). ಪಿಸಿವಿ 54 ದಾಟಿದರೆ ಅದನ್ನು ನಿಲ್ಲಿಸುವುದು ನಿಯಮ. ಸಕ್ಕರೆ ಕಾಯಿಲೆಯ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಕೂಡ ಪಿಸಿವಿಯನ್ನು ಕೆಲವು ಅಂಕ ಏರಿಸುತ್ತವೆ.

ಉತ್ತರ 3
ಇಷ್ಟಾದರೂ ಕಾರಣ ಸಿಗದಿದ್ದರೆ ಜಾಕ್-2 ಜೀನ್ ಪರೀಕ್ಷೆ, ಜೊತೆಗೆ ಎರಿತ್ರೊಪೊಯೆಟಿನ್ (ಕೆಂಪು ಕಣ ಮಾಡಲು ಮಜ್ಜೆಗೆ ಹೇಳುವ ಹಾರ್ಮೋನು) ಮಟ್ಟ. ಎರಡಕ್ಕೂ ತೋಳಿನ ರಕ್ತವೇ ಸಾಕು. ಪಾಲಿಸೈಥೀಮಿಯಾ ವೆರಾ (ಮೂಳೆಮಜ್ಜೆ ತಾನಾಗಿಯೇ ಅತಿಯಾಗಿ ಕಣ ಮಾಡುವ ಕಾಯಿಲೆ) ಇರುವವರಲ್ಲಿ ಸುಮಾರು 95% ಜನರಿಗೆ ಜಾಕ್-2 ಬದಲಾವಣೆ ಇರುತ್ತದೆ, ಎರಿತ್ರೊಪೊಯೆಟಿನ್ ಸಾಮಾನ್ಯವಾಗಿ ತಗ್ಗಿರುತ್ತದೆ. ಬಿಸಿನೀರಿನ ಸ್ನಾನದ ನಂತರ ಮೈಯೆಲ್ಲ ತುರಿಕೆ, ಅಂಗಾಲು ಕೆಂಪಾಗಿ ಉರಿ, ಗುಲ್ಮ ಊದಿರುವುದು ಇದರ ಸುಳಿವುಗಳು.

ರಕ್ತ ತೆಗೆಯುವ ಚಿಕಿತ್ಸೆ ಮುಖ್ಯವಾಗಿ ಈ ಕಾಯಿಲೆಗೆ. 2013ರ ಇಟಲಿಯ ಅಧ್ಯಯನದಲ್ಲಿ ಪಿಸಿವಿಯನ್ನು 45ರ ಕೆಳಗಿಟ್ಟ 182 ಜನರಲ್ಲಿ 5 ಮಂದಿಗೆ ಹೃದಯ-ರಕ್ತನಾಳದ ಸಾವು ಅಥವಾ ದೊಡ್ಡ ಹೆಪ್ಪು. 45–50ರಲ್ಲಿ ಬಿಟ್ಟ 183 ಜನರಲ್ಲಿ 18 ಮಂದಿಗೆ. ಒಂದು ಸಲಕ್ಕೆ 450 ಮಿಲಿ ತೆಗೆದರೆ ಪಿಸಿವಿ ಹೆಚ್ಚುಕಡಿಮೆ 3 ಅಂಕ ಇಳಿಯುತ್ತದೆ. ಪದೇ ಪದೇ ತೆಗೆದಾಗ ಕಬ್ಬಿಣಾಂಶ ಕುಸಿಯುತ್ತದೆ. ಅದನ್ನು ನೋಡಿ ಯಾರೋ ಐರನ್ ಮಾತ್ರೆ ಬರೆದುಕೊಟ್ಟರೆ ಪಿಸಿವಿ ಮತ್ತೆ ಜಿಗಿಯುತ್ತದೆ. ಈ ಎಡವಟ್ಟು ಅಪರೂಪವಲ್ಲ.

ಪ್ರಶ್ನೆ ಕೇಳಿದವರು
ಹಾಗಾದರೆ ಆಸ್ಪಿರಿನ್?

ಉತ್ತರ 1
ವೆರಾ ಖಚಿತವಾದರೆ, ರಕ್ತಸ್ರಾವದ ಭಯ ಇಲ್ಲದಿದ್ದರೆ, ವೈದ್ಯರು ದಿನಕ್ಕೆ 75–100 ಮಿಲಿಗ್ರಾಂ ಕೊಡುತ್ತಾರೆ. ಪಿಸಿವಿ ಹೆಚ್ಚಿದೆ ಅನ್ನುವುದಷ್ಟೇ ಕಾರಣವಾದರೆ ಬೇಡ. ಬಿಪಿ ಹಿಡಿತದಲ್ಲಿಲ್ಲದವರಿಗೆ ಮೆದುಳಿನಲ್ಲೇ ರಕ್ತ ಸೋರುವ ಅಪಾಯವಿದೆ.

ಬಾಯಿ ಸೊಟ್ಟ, ಒಂದು ಕೈ ಜೋತುಬೀಳುವುದು, ಮಾತು ತೊದಲುವುದು ಕಂಡರೆ ಮನೆಯಲ್ಲಿ ಆಸ್ಪಿರಿನ್ ಕೊಡಲೇಬೇಡಿ. ಹೆಪ್ಪೋ ಸೋರಿಕೆಯೋ ಸಿಟಿ ಸ್ಕ್ಯಾನ್ ಆಗದೆ ತಿಳಿಯದು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ, ಅದೂ ಆ ವ್ಯಕ್ತಿ ಕೊನೆಯ ಸಲ ಚೆನ್ನಾಗಿದ್ದುದನ್ನು ಕಂಡ ಹೊತ್ತಿನಿಂದ. ಆ ಹೊತ್ತನ್ನು ಬರೆದಿಟ್ಟುಕೊಂಡು ಹೊರಡಿ.