ಬೆಣ್ಣೆ, ಬ್ರೆಡ್, ಚೀಸ್ ತಿಂದೂ ಫ್ರೆಂಚರು ದಪ್ಪ ಆಗಲ್ಲ ಯಾಕೆ?

ತೂಲೂಸ್‌ವಾಸಿ
ಬೆಂಗಳೂರಿನಿಂದ ಇಲ್ಲಿಗೆ, ಫ್ರಾನ್ಸಿನ ತೂಲೂಸ್‌ಗೆ, ಕೆಲಸಕ್ಕೆ ಬರುವ ಪ್ರತಿಯೊಬ್ಬರೂ ಕೇಳುವ ಪ್ರಶ್ನೆ ಇದು. ಬೆಳಿಗ್ಗೆ ಬೆಣ್ಣೆ ಹಚ್ಚಿದ ಬ್ರೆಡ್, ಮಧ್ಯಾಹ್ನ ಊಟದ ಕೊನೆಗೆ ಚೀಸ್, ಅದಾದ ಮೇಲೆ ಒಂದು ಸಿಹಿ. ಆದರೂ ನಮ್ಮ ಆಫೀಸಿನಲ್ಲಿ ಹೊಟ್ಟೆ ಬಂದವರನ್ನು ಹುಡುಕಬೇಕು. ನನ್ನ ಪ್ರಕಾರ ಗುಟ್ಟು ಇರುವುದು ಏನು ತಿನ್ನುತ್ತಾರೆ ಅನ್ನುವುದರಲ್ಲಿ ಅಲ್ಲ, ಹೇಗೆ ತಿನ್ನುತ್ತಾರೆ ಅನ್ನುವುದರಲ್ಲಿ. ಕೂತು ತಿನ್ನುತ್ತಾರೆ. ಹೊತ್ತಿಗೆ ಸರಿಯಾಗಿ ತಿನ್ನುತ್ತಾರೆ. ಮಧ್ಯಾಹ್ನ 1 ಗಂಟೆಗೆ ದೇಶದ ಅರ್ಧದಷ್ಟು ಜನ ಊಟಕ್ಕೆ ಕೂತಿರುತ್ತಾರೆ ಅಂತ ಇಲ್ಲಿನ ಸರ್ಕಾರಿ ಅಂಕಿಅಂಶ ಸಂಸ್ಥೆ ಇನ್ಸೀ ಲೆಕ್ಕ ಕೊಟ್ಟಿದೆ. ಶ್ರೀಮಂತ ದೇಶಗಳ ಕೂಟ ಒಇಸಿಡಿ ಪ್ರಕಾರ ಇವರು ತಿನ್ನಲು, ಕುಡಿಯಲು ದಿನಕ್ಕೆ 2 ಗಂಟೆಗಿಂತ ಜಾಸ್ತಿ ಹೊತ್ತು ಕೊಡುತ್ತಾರೆ. ಅಮೆರಿಕದವರು ಸುಮಾರು ಅದರ ಅರ್ಧ. ಕೆಲಸ ಮಾಡುವ ಜಾಗದಲ್ಲೇ ನೌಕರರನ್ನು ಊಟ ಮಾಡಲು ಬಿಡಬಾರದು ಅಂತ ಕಾರ್ಮಿಕ ಕಾನೂನಿನಲ್ಲೇ ಇದೆ. ಕೋವಿಡ್ ಹೊತ್ತಿನಲ್ಲಿ, 2021ರಲ್ಲಿ, ಅದನ್ನು ತಾತ್ಕಾಲಿಕವಾಗಿ ಸಡಿಲ ಮಾಡಬೇಕಾಯಿತು. 2010ರಲ್ಲಿ ಯುನೆಸ್ಕೊ ಇವರ ಊಟದ ಪದ್ಧತಿಯನ್ನೇ ಪರಂಪರೆಯ ಪಟ್ಟಿಗೆ ಸೇರಿಸಿತು. ಶಾಲೆಗಳಲ್ಲಿ ಕೆಚಪ್ ಬ್ಯಾನ್ ಮಾಡಿದ ದೇಶ ಇದು. ಊಟಕ್ಕೆ ಇಷ್ಟು ಮರ್ಯಾದೆ ಕೊಟ್ಟರೆ ಮೈ ತಾನಾಗೇ ಹಿಡಿತದಲ್ಲಿರುತ್ತದೆ.

ಲೆಕ್ಕದಪುಸ್ತಕ
"ಹೊಟ್ಟೆ ಬಂದವರನ್ನು ಹುಡುಕಬೇಕು" ಅಂದಿರಲ್ಲ ಸರ್, ಹುಡುಕುವುದೇನೂ ಬೇಡ, ಲೆಕ್ಕ ಇದೆ. ಫ್ರಾನ್ಸಿನ ಒಬೆಪಿ ಸಮೀಕ್ಷೆಯಲ್ಲಿ 1997ರಲ್ಲಿ ವಯಸ್ಕರಲ್ಲಿ ಬೊಜ್ಜು ಇದ್ದವರು 8.5%. 2020ರಲ್ಲಿ 17%. ಬರೀ ತೂಕ ಜಾಸ್ತಿ ಇರುವವರನ್ನೂ ಸೇರಿಸಿದರೆ 47%. ಅಂದರೆ ಹತ್ತಿರ ಹತ್ತಿರ ಅರ್ಧ ದೇಶ. ನಿಮ್ಮ ಆಫೀಸಿನಲ್ಲಿ ನೀವು ನೋಡುತ್ತಿರುವುದು ಎಂಜಿನಿಯರುಗಳನ್ನು. ಅದೇ ಸಮೀಕ್ಷೆಯಲ್ಲಿ ದೊಡ್ಡ ಹುದ್ದೆಯವರಲ್ಲಿ ಬೊಜ್ಜು ಸುಮಾರು 10%, ಕಾರ್ಮಿಕರಲ್ಲಿ 18%. ಮತ್ತೆ ಮೆಕ್‌ಡೊನಾಲ್ಡ್ಸ್‌ಗೆ ಅಮೆರಿಕ ಬಿಟ್ಟರೆ ಅತಿ ದೊಡ್ಡ ಮಾರುಕಟ್ಟೆಗಳಲ್ಲಿ ಫ್ರಾನ್ಸೂ ಒಂದು. ಅಲ್ಲಿಗೆ ಹೋಗುವವರು ಯಾರು, ಬರೀ ಪ್ರವಾಸಿಗರಾ?

ಲಿಯೋನಿನ ಅಮ್ಮ
ಉಳಿದದ್ದು ಆಮೇಲೆ. ಕೆಚಪ್ ಬ್ಯಾನ್ ಆಗಿಲ್ಲ! ಈ ಮಾತು ವಾಟ್ಸಾಪ್‌ನಲ್ಲಿ ತಿರುಗುತ್ತಾ ತಿರುಗುತ್ತಾ ಇಲ್ಲಿಗೂ ಬಂತು. ನನ್ನ ಮಗಳು ದಿನಾ ಶಾಲೆಯ ಕ್ಯಾಂಟೀನಿನಲ್ಲೇ ಊಟ ಮಾಡುತ್ತಾಳೆ. 2011ರ ಆದೇಶದಲ್ಲಿ ಇರುವುದು ಇಷ್ಟು: ಉಪ್ಪು, ಮಯೊನೀಸ್, ಕೆಚಪ್ ಇಂಥವನ್ನು ಮಕ್ಕಳ ಕೈಗೆ ಸಿಗುವ ಹಾಗೆ ಇಡಬಾರದು, ಅಡುಗೆಗೆ ತಕ್ಕಂತೆ ಬಡಿಸಬೇಕು. ನೀರು ಮತ್ತು ಬ್ರೆಡ್ ಮಾತ್ರ ಮಕ್ಕಳೇ ತೆಗೆದುಕೊಳ್ಳಬಹುದು. ಫ್ರೈಸ್ ಇದ್ದ ದಿನ ಅವಳ ತಟ್ಟೆಗೆ ಕೆಚಪ್ ಬೀಳುತ್ತದೆ, ನಾನೇ ಅವಳ ಅಂಗಿ ತೊಳೆದಿದ್ದೇನೆ.

ತೂಲೂಸ್‌ವಾಸಿ
ಮಗುವಿಗೆ ಬೇಕು ಅಂದಾಗ ಸಿಗಲ್ಲ, ಬಡಿಸುವವರು ಕೊಟ್ಟರೆ ಉಂಟು. ಅದನ್ನೇ ನಾನು ಹೇಳಿದ್ದು. ಎಲ್ಲದರ ಮೇಲೂ ಸಾಸ್ ಸುರಿದುಕೊಂಡರೆ ಕ್ಯಾರೆಟ್ ರುಚಿಯೇ ಗೊತ್ತಾಗಲ್ಲ. ಸಣ್ಣ ವಯಸ್ಸಿನಿಂದಲೇ ಹೀಗೆ ನಾಲಿಗೆ ತಿದ್ದುತ್ತಾರೆ.

ಜೆರ್ಸಿಸಿಟಿ
"ನಾಲಿಗೆ ತಿದ್ದುತ್ತಾರೆ"! ಮಕ್ಕಳ ನಾಲಿಗೆ ತಿದ್ದುವುದು ಅಪ್ಪ ಅಮ್ಮನ ಕೆಲಸ, ಸರ್ಕಾರದ್ದಲ್ಲ. ಮತ್ತೆ ಇದು ಯಾವ ಸೀಮೆ ನ್ಯಾಯ ಹೇಳಿ, ಒಂದು ಚಮಚ ಕೆಚಪ್‌ಗೆ ಕಾವಲು, ಬಿಳಿ ಬ್ರೆಡ್ ಮಾತ್ರ ಎಷ್ಟು ಬೇಕಾದರೂ ತಿನ್ನಬಹುದು! ಬ್ರೆಡ್ ಹೊಟ್ಟೆಗೆ ಹೋದರೆ ಸಕ್ಕರೆ ಆಗಲ್ವಾ?

ಲಿಯೋನಿನ ಅಮ್ಮ
ಕೆಚಪ್ ಒಂದೇ ಹಿಡಿದುಕೊಂಡರೆ ಹೇಗೆ? ಆ ಆದೇಶದಲ್ಲಿ 20 ಊಟಕ್ಕೆ ಲೆಕ್ಕ ಇದೆ. 20ರಲ್ಲಿ ಕರಿದದ್ದು 4ಕ್ಕಿಂತ ಜಾಸ್ತಿ ಇರಬಾರದು. ಕನಿಷ್ಠ 10 ಊಟದ ಶುರುವಿನಲ್ಲಿ ಹಸಿ ತರಕಾರಿಯೋ ಹಣ್ಣೋ ಇರಬೇಕು. ಕನಿಷ್ಠ 8 ಊಟದ ಕೊನೆಗೆ ಹಸಿ ಹಣ್ಣು ಇರಬೇಕು. ತಿಂಗಳ ಪಟ್ಟಿ ಶಾಲೆ ಗೇಟಿಗೆ ಅಂಟಿಸಿರುತ್ತಾರೆ. ನಮ್ಮಲ್ಲಿ ಈ ವಾರ ತುರಿದ ಕ್ಯಾರೆಟ್, ಮೀನು, ಪಾಲಕ್, ಒಂದು ತುಂಡು ಚೀಸ್, ಒಂದು ಪೇರ್ ಹಣ್ಣು. 4 ವರ್ಷದ ಮಕ್ಕಳು ಗಾಜಿನ ಲೋಟ ಇಟ್ಟುಕೊಂಡು ಕೂತು ತಿನ್ನುತ್ತಾರೆ.

ಜೆರ್ಸಿಸಿಟಿ
ಮೀನು, ಪಾಲಕ್, ಸರಿ. ಸಸ್ಯಾಹಾರಿ ಮಗುವಿಗೆ ಏನು? ಗಾಜಿನ ಲೋಟದಲ್ಲಿ ನೀರಾ?

ಲಿಯೋನಿನ ಅಮ್ಮ
ವಾರಕ್ಕೆ ಒಂದು ದಿನ ಮಾಂಸ ಮೀನು ಇಲ್ಲದ ಊಟ ಕೊಡಲೇಬೇಕು ಅಂತ 2019ರ ನವೆಂಬರ್‌ನಿಂದ ಕಾನೂನಿದೆ. ಸಾಲದು, ಒಪ್ಪುತ್ತೇನೆ, ಇಲ್ಲಿನ ಎಷ್ಟೋ ಕನ್ನಡದ ಮನೆಗಳಿಗೆ ಇದೇ ದೊಡ್ಡ ತಲೆನೋವು. ಆದರೆ 2021ರ ಫೆಬ್ರವರಿಯಲ್ಲಿ ನಮ್ಮ ಲಿಯೋನ್‌ನಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಕೋವಿಡ್ ಅಂತ ಊಟ ಬೇಗ ಬಡಿಸಬೇಕಿತ್ತು, ಹಾಗಾಗಿ ಎಲ್ಲರಿಗೂ ಮಾಂಸವಿಲ್ಲದ ಒಂದೇ ಊಟ ಅಂತ ನಗರಪಾಲಿಕೆ ಮಾಡಿತು. ಮೀನು, ಮೊಟ್ಟೆ ಇದ್ದೇ ಇತ್ತು. ಅಷ್ಟಕ್ಕೇ ರೈತರು ಟ್ರ್ಯಾಕ್ಟರ್ ತಂದರು, ಕೃಷಿ ಮಂತ್ರಿಯೇ ಎದ್ದು ಬೈದರು. ಮಕ್ಕಳ ತಟ್ಟೆ ಅಂದರೆ ಇಲ್ಲಿ ಇಡೀ ದೇಶಕ್ಕೆ ಸಂಬಂಧಪಟ್ಟ ವಿಷಯ.

ಪಥ್ಯದಪದ್ಮ
ನಾನು ಡಯಟಿಷಿಯನ್. ಕೆಚಪ್ ಬಿಟ್ಟು ಪ್ರಮಾಣದ ಕಡೆ ನೋಡಿ. ಪಾಲ್ ರೋಜಿನ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಪ್ಯಾರಿಸ್ ಮತ್ತು ಫಿಲಡೆಲ್ಫಿಯಾದಲ್ಲಿ ಒಂದೇ ಥರದ ಹೋಟೆಲುಗಳಲ್ಲಿ ಬಡಿಸಿದ್ದನ್ನು ತೂಕ ಮಾಡಿದರು. ಪ್ಯಾರಿಸ್‌ನಲ್ಲಿ ಸರಾಸರಿ 277 ಗ್ರಾಂ, ಫಿಲಡೆಲ್ಫಿಯಾದಲ್ಲಿ 346 ಗ್ರಾಂ. ತಟ್ಟೆಯಲ್ಲಿ ಕಡಿಮೆ ಇದ್ದರೆ ಕಡಿಮೆ ತಿನ್ನುತ್ತೇವೆ, ಜಾಸ್ತಿ ಹಾಕಿದರೆ ಜಾಸ್ತಿ ಹೋಗುತ್ತದೆ. ಸಂಸ್ಕೃತಿ, ಮರ್ಯಾದೆ ಅಂತ ಅಷ್ಟು ದೂರ ಹೋಗಬೇಕಿಲ್ಲ.

ಲೆಕ್ಕದಪುಸ್ತಕ
2003! ಅಲ್ಲಿಂದ ಈಚೆಗೆ ಎಷ್ಟು ನೀರು ಹರಿದಿದೆ ಮೇಡಂ. ತಟ್ಟೆ ಚಿಕ್ಕದಿದ್ದರೆ 17% ಹೇಗೆ ಆಯಿತು?

ಪಥ್ಯದಪದ್ಮ
ಅಮೆರಿಕದಲ್ಲಿ 40% ದಾಟಿದೆ. 17ಕ್ಕೂ 40ಕ್ಕೂ ಇರುವ ಅಂತರಕ್ಕೆ ಕಾರಣ ಬೇಕಲ್ಲ, ಅದನ್ನು ಹೇಳಿದೆ. ನೀವು ಏರಿದ್ದನ್ನು ಮಾತ್ರ ನೋಡುತ್ತೀರಿ.

ಜೆರ್ಸಿಸಿಟಿ
ಅಮೆರಿಕದ ಹೆಸರು ಬಂದೇ ಬರುತ್ತೆ ಅಂತ ಗೊತ್ತಿತ್ತು. ಫ್ರಾನ್ಸಿನಲ್ಲಿ 2020ರಲ್ಲೂ ವಯಸ್ಕರಲ್ಲಿ ಸುಮಾರು ಕಾಲು ಭಾಗ ಜನ ದಿನಾ ಸಿಗರೇಟು ಸೇದುತ್ತಿದ್ದರು, ಅದನ್ನು ಯಾಕೆ ಯಾರೂ ಬರೆಯಲ್ಲ? ಸಿಗರೇಟು ಹಸಿವು ಸಾಯಿಸುತ್ತದೆ. ತೆಳ್ಳಗಿರುವವರೆಲ್ಲ ಆರೋಗ್ಯವಂತರಲ್ಲ. ಮತ್ತೆ ನನ್ನ ಬ್ರೆಡ್ ಪ್ರಶ್ನೆಗೆ ಉತ್ತರ ಬಂದಿಲ್ಲ.

ಲಿಲ್‌ನಲ್ಲಿ ಓದಿದವಳು
ಇಷ್ಟು ಹೊತ್ತು ಓದಿದೆ, ಈಗ ಬರೆಯಲೇಬೇಕು. "ಮೈ ತಾನಾಗೇ ಹಿಡಿತದಲ್ಲಿರುತ್ತದೆ" ಅಂತ ಮೊದಲ ಪೋಸ್ಟಿನಲ್ಲಿದೆ. ತಾನಾಗೇ ಏನೂ ಇರಲ್ಲ. ಸುತ್ತ ಇರುವವರು ಹಿಡಿದು ಇಡುತ್ತಾರೆ. ನಾನು ದಪ್ಪ ಇದ್ದೇನೆ, ಮೊದಲಿಂದಲೂ. ಜ್ವರ ಅಂತ ಡಾಕ್ಟರ್ ಹತ್ತಿರ ಹೋದರೆ ಅವರು ಥರ್ಮಾಮೀಟರ್‌ಗಿಂತ ಮುಂಚೆ ತೂಕದ ಯಂತ್ರ ತೋರಿಸಿದರು. ಇಂಟರ್ನ್‌ಶಿಪ್ ಮಾಡಿದ ಕಡೆ ಎರಡನೇ ಸಲ ಸಿಹಿ ಹಾಕಿಕೊಂಡರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಬರೀ ತಟ್ಟೆ ನೋಡಿ, ಆಮೇಲೆ ನನ್ನ ಮುಖ ನೋಡುತ್ತಿದ್ದರು. ಬಟ್ಟೆ ಅಂಗಡಿಯಲ್ಲಿ ನನ್ನ ಅಳತೆ ಕೇಳಿದರೆ "ನಮ್ಮಲ್ಲಿ ಇಲ್ಲ ಮೇಡಂ" ಅಂತ ಕೇಳಿಸಿಕೊಳ್ಳುವುದು ಅಭ್ಯಾಸ ಆಗಿತ್ತು. ಹೊರಗಿನ ರೂಪ ನೋಡಿ ಕೆಲಸದಲ್ಲಿ ತಾರತಮ್ಯ ಮಾಡಬಾರದು ಅಂತ 2001ರಲ್ಲಿ ಕಾನೂನು ಬರೆಯಬೇಕಾದ ದೇಶ ಅದು. ಮಾಡೆಲ್‌ಗಳು ತೀರಾ ಸೊರಗಿಲ್ಲ ಅಂತ ಡಾಕ್ಟರ್ ಸರ್ಟಿಫಿಕೇಟ್ ಕೊಡಬೇಕು, ಮೈ ತಿದ್ದಿದ ಜಾಹೀರಾತಿನ ಫೋಟೋ ಮೇಲೆ ಹಾಗಂತ ಬರೆಯಬೇಕು ಅಂತ 2017ರಲ್ಲಿ ನಿಯಮ ತರಬೇಕಾಯಿತು. ಯಾಕೆ ಬೇಕಾಯಿತು ಅಂತ ಯೋಚಿಸಿ.

ತೂಲೂಸ್‌ವಾಸಿ
ಕಾನೂನು ತಂದರು ಅಂತ ನೀವೇ ಹೇಳುತ್ತಿದ್ದೀರಿ. ಸಮಸ್ಯೆ ಇದೆ ಅಂತ ಗೊತ್ತಾದ ಕೂಡಲೇ ಸರಿ ಮಾಡುವ ದೇಶ. ಶಾಲೆಗಳಿಂದ ತಿಂಡಿ ಮಾರುವ ಯಂತ್ರಗಳನ್ನು 2005ರಲ್ಲೇ ಎತ್ತಿಸಿದರು. 2012ರಲ್ಲಿ ಸಿಹಿ ಪಾನೀಯಗಳ ಮೇಲೆ ತೆರಿಗೆ. 2017ರಲ್ಲಿ ಹೋಟೆಲಿನಲ್ಲಿ ಸೋಡಾ ಪುಕ್ಕಟೆ ಮತ್ತೆ ಮತ್ತೆ ತುಂಬಿಸಿಕೊಳ್ಳುವುದು ಬಂದ್. ಬೇರೆ ಯಾವ ದೇಶ ಇಷ್ಟು ಕಾಳಜಿ ಮಾಡಿದೆ?

ಲಿಲ್‌ನಲ್ಲಿ ಓದಿದವಳು
ನಾನು ಬರೆದದ್ದು ಡಾಕ್ಟರ್ ಬಗ್ಗೆ, ಆಫೀಸಿನ ಬಗ್ಗೆ. ನೀವು ಸೋಡಾ ಬಗ್ಗೆ ಉತ್ತರ ಕೊಟ್ಟಿರಿ. ದಪ್ಪ ಇರುವವರ ಮೇಲಿನ ಕಾಳಜಿ ಹೀಗೇ ಇರುತ್ತದೆ, ಅವರ ಮಾತೊಂದನ್ನು ಬಿಟ್ಟು.

ಪಥ್ಯದಪದ್ಮ
ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ಡಾಕ್ಟರ್ ತೂಕ ನೋಡುವುದು ಅವಮಾನ ಅಲ್ಲ ಅಲ್ವಾ, ಅದು ಅವರ ಕೆಲಸ. ನಾನೂ ಮೊದಲು ತೂಕವೇ ಬರೆದುಕೊಳ್ಳುತ್ತೇನೆ.

ಲಿಲ್‌ನಲ್ಲಿ ಓದಿದವಳು
ನಿಮ್ಮ ಹತ್ತಿರ ಬರುವವರು ತೂಕಕ್ಕಾಗಿಯೇ ಬರುತ್ತಾರೆ. ನಾನು ಹೋಗಿದ್ದು ಜ್ವರಕ್ಕೆ. ಎರಡನ್ನೂ ಒಂದೇ ಮಾಡಬೇಡಿ. ಗಂಟಲು ನೋಡದೆ ಕಳಿಸಿದರು, ಬೇರೆ ಕಡೆ ಹೋಗಿ ಔಷಧಿ ಬರೆಸಿಕೊಂಡೆ. ಹೀಗಾದರೆ ದಪ್ಪ ಇರುವವರು ಡಾಕ್ಟರ್ ಹತ್ತಿರ ಹೋಗುವುದನ್ನೇ ಮುಂದಕ್ಕೆ ಹಾಕುತ್ತಾರೆ, ಕಾಯಿಲೆ ಬಲಿಯುತ್ತದೆ. ಆರೋಗ್ಯದ ಹೆಸರಿನಲ್ಲಿ ಆಗುವ ಅನಾರೋಗ್ಯ ಇದು. ನಿಮ್ಮಂಥವರೇ ಇದನ್ನು ಮೊದಲು ಹೇಳಬೇಕಿತ್ತು.

ಲೆಕ್ಕದಪುಸ್ತಕ
ಲಿಲ್ ಅಂದಿರಿ, ಅದು ಇನ್ನೊಂದು ಮುಖ್ಯ ವಿಷಯ. ಲಿಲ್ ಇರುವ ಉತ್ತರದ ಪ್ರಾಂತದಲ್ಲಿ ಬೊಜ್ಜು ಸುಮಾರು 22%, ಪ್ಯಾರಿಸ್ ಸುತ್ತ 14%. ಗಣಿ ಮುಚ್ಚಿದ ಊರುಗಳು, ಗಿರಣಿ ಮುಚ್ಚಿದ ಊರುಗಳು. ಅದೇ ಯುನೆಸ್ಕೊ ಊಟ, ಅದೇ ಬ್ರೆಡ್, ಅದೇ ಕಾರ್ಮಿಕ ಕಾನೂನು. ಬೇರೆ ಇರುವುದು ಜೇಬು. ತೂಲೂಸ್ ಅವರು ಇದಕ್ಕೆ ಒಂದು ಸಾಲಾದರೂ ಬರೆಯಲಿ.

ತೂಲೂಸ್‌ವಾಸಿ
ಉತ್ತರದವರು ಫ್ರೈಸ್ ಜಾಸ್ತಿ ತಿನ್ನುತ್ತಾರೆ, ಬಿಯರ್ ಜಾಸ್ತಿ ಕುಡಿಯುತ್ತಾರೆ. ಇಲ್ಲಿ ದಕ್ಷಿಣದಲ್ಲಿ ಬಾತುಕೋಳಿ ಕೊಬ್ಬಿನಲ್ಲೇ ಅಡುಗೆ ಮಾಡಿದರೂ ಜನ ಹದವಾಗಿದ್ದಾರೆ. ನಾನು ಹೇಳಿದ ಹಾಗೆ ರೀತಿ ಮುಖ್ಯ, ಜೇಬಲ್ಲ.

ಲೆಕ್ಕದಪುಸ್ತಕ
ಮೊದಲು "ಏನು ತಿನ್ನುತ್ತಾರೆ ಅನ್ನುವುದರಲ್ಲಿ ಅಲ್ಲ" ಅಂದಿರಿ. ಈಗ ಫ್ರೈಸ್, ಬಿಯರ್ ಅಂತೀರಿ. ಒಂದು ಕಡೆ ನಿಲ್ಲಿ ಸ್ವಾಮಿ!

ಲಿಯೋನಿನ ಅಮ್ಮ
ಜೇಬು ಅಂದರಲ್ಲ, ಅದಕ್ಕೇ ಕ್ಯಾಂಟೀನ್ ಇರುವುದು. ಪ್ಯಾರಿಸ್‌ನಲ್ಲಿ ಅತಿ ಕಡಿಮೆ ಆದಾಯದ ಮನೆಯ ಮಗುವಿಗೆ ಶಾಲೆ ಊಟ 0.13 ಯೂರೋ, ಶ್ರೀಮಂತರ ಮಗುವಿಗೆ 7 ಯೂರೋ. ತಟ್ಟೆ ಒಂದೇ, ಮೇಜು ಒಂದೇ. ದಿನಕ್ಕೊಂದು ಸರಿಯಾದ ಊಟ ಎಲ್ಲ ಮಕ್ಕಳಿಗೂ ಸಿಗುತ್ತದೆ. ಕೆಚಪ್ ನಿಯಮವನ್ನು ಆಡಿಕೊಳ್ಳುವವರು ಇದನ್ನೂ ಬರೆಯಬೇಕು.

ಜೆರ್ಸಿಸಿಟಿ
ನಾನು ಆಡಿಕೊಂಡಿಲ್ಲ, ಪ್ರಶ್ನೆ ಕೇಳಿದೆ. ಬ್ರೆಡ್ ಯಾಕೆ ಬೇಕಾದಷ್ಟು? ಇಷ್ಟೊಂದು ಜನ ಫ್ರಾನ್ಸ್ ಗೊತ್ತಿರುವವರು ಇದ್ದೀರಿ, ಒಬ್ಬರಿಗೂ ಗೊತ್ತಿಲ್ವಾ?

ಲಿಯೋನಿನ ಅಮ್ಮ
ಬುಟ್ಟಿ ಮೇಜಿನ ಮಧ್ಯೆ ಇರುತ್ತದೆ, ಅದರಲ್ಲಿ ಸಣ್ಣದಾಗಿ ಕತ್ತರಿಸಿದ ತುಂಡುಗಳು. ನಮ್ಮ ಶಾಲೆಯಲ್ಲಿ ಬುಟ್ಟಿ ಖಾಲಿಯಾದರೆ ಬಡಿಸುವವರು ಮೊದಲು ತಟ್ಟೆ ನೋಡುತ್ತಾರೆ, ಪಾಲಕ್ ಮುಟ್ಟಿದ್ದಾರಾ ಅಂತ, ಆಮೇಲೆ ತುಂಬಿಸುತ್ತಾರೆ. ಹಸಿದ ಮಗು ಹೊಟ್ಟೆ ತುಂಬಿಸಿಕೊಂಡು ಏಳಲಿ ಅಂತ ಬ್ರೆಡ್. ಮತ್ತೆ 4 ಗಂಟೆಗೆ ಒಂದು ತಿಂಡಿ, ಅಲ್ಲಿಂದ ರಾತ್ರಿ ಊಟದವರೆಗೆ ಏನೂ ಇಲ್ಲ. ಬಾಯಾಡಿಸಲು ಕೇಳಿದರೆ "ಊಟಕ್ಕೆ ಕಾಯಿ" ಅಂತಾರೆ, ಎಲ್ಲ ಮನೆಯಲ್ಲೂ ಅದೇ ಉತ್ತರ, ಹಾಗಾಗಿ ಮಕ್ಕಳು ಹಠ ಮಾಡಲ್ಲ. ಉತ್ತರ ಸಿಕ್ಕಿತಾ?

ಜೆರ್ಸಿಸಿಟಿ
ಹಸಿದ ಮಗುವನ್ನು ರಾತ್ರಿಯವರೆಗೆ ಕಾಯಿಸುವುದನ್ನು ಹೆಮ್ಮೆಯಿಂದ ಬರೆಯುತ್ತಿದ್ದೀರಲ್ಲ ಮೇಡಂ. ನಮ್ಮ ಮನೆಯಲ್ಲಿ ಮಗು ಹಸಿವು ಅಂದರೆ ಕೊಡುತ್ತೇವೆ.

ಲಿಲ್‌ನಲ್ಲಿ ಓದಿದವಳು
ನಾನು ಕೇಳಿದ್ದಕ್ಕೆ ತೂಲೂಸ್ ಅವರಿಂದ ಇನ್ನೂ ಉತ್ತರ ಇಲ್ಲ. ನಿಮ್ಮ ಆಫೀಸಿನಲ್ಲಿ ಹೊಟ್ಟೆ ಬಂದವರು ಕಾಣಲ್ಲ ಅಂದಿರಿ. ಅವರು ಊರಲ್ಲೇ ಇಲ್ವಾ, ಇಲ್ಲ ಅವರಿಗೆ ಅಲ್ಲಿ ಕೆಲಸ ಕೊಟ್ಟಿಲ್ವಾ? ನಾಳೆ ಊಟಕ್ಕೆ ಕೂತಾಗ ಕೇಳಿ ನೋಡಿ. ಹೇಗೂ 2 ಗಂಟೆ ಇದೆ ಅಂತೀರಿ.

ತೂಲೂಸ್‌ವಾಸಿ
2 ಗಂಟೆ ಅಂದದ್ದು ಇಡೀ ದಿನಕ್ಕೆ. ಮಧ್ಯಾಹ್ನ ಒಂದು ಗಂಟೆ ಸಿಗುತ್ತದೆ ಅಷ್ಟೇ. ದಯವಿಟ್ಟು ಸರಿಯಾಗಿ ಓದಿ ಬರೆಯಿರಿ.